ಲಾನ್‌ಝೌ: ಮೊದಲ ಎಂಟು ರಾತ್ರಿ

ಫಲಕದ ಮೇಲೆ ನನ್ನ ಹೆಸರೇ ಇತ್ತು,
ಒಂದಕ್ಷರವೂ ತಪ್ಪಿರಲಿಲ್ಲ.
ಹಿಡಿದವಳ ಕಣ್ಣು ಮಾತ್ರ
ನನ್ನ ಹೆಗಲಾಚೆ, ರೈಲಿಳಿದು ಬರುವ ಜನರಲ್ಲಿ
ಹೊಂಬಣ್ಣದ ಕೂದಲು ಹುಡುಕುತ್ತಿತ್ತು.
ಎರಡು ಸಲ ಅವಳೆದುರೇ ಹಾದೆ.
ಮೂರನೆಯ ಸಲ ಫಲಕವನ್ನು ಮುಟ್ಟಿ
ಇದು ನಾನು, ಅಂದೆ.
ಓ, ಅಂದಳು ಝುವಾಂಗ್ ಯೂಲಾನ್.
ಆ ಒಂದು ಓಕಾರದೊಳಗೆ
ಒಂದಿಡೀ ಮೀಟಿಂಗು ಸೇರಿ, ಚರ್ಚಿಸಿ, ಮುಗಿಯಿತು.
ಆಮೇಲೆ ನನ್ನ ಪೆಟ್ಟಿಗೆಯನ್ನು ತಾನೇ ಎಳೆದಳು.
ಅದರ ಮುರಿದ ಚಕ್ರ ಸ್ಟೇಷನ್ನಿನುದ್ದಕ್ಕೂ
ಗೊಣಗಿಕೊಂಡೇ ಬಂತು.

ಐವತ್ತೊಂದರ ವಯಸ್ಸಿನಲ್ಲಿ,
ಚಪ್ಪಲಿಗೆ ನೀಲಿ ಪ್ಲಾಸ್ಟಿಕ್ ಚೀಲ ತೊಡಿಸಿ
ರಕ್ತಕ್ಕೊಂದು ಸಾಲು, ಎದೆಗೊಂದು, ಕಣ್ಣಿಗೊಂದು.
ಕೊನೆಗೆ ಕೈಗೆ ಬಂದ ಕಾರ್ಡು
ನಾನು ವಿದೇಶಿ ತಜ್ಞೆಯೆಂದು ಹೇಳಿತು.
ಗೀಜರಿನ ಗುಂಡಿ ಯಾವುದೆಂದು ತಿಳಿಯದೆ
ತಜ್ಞೆಗೆ ಮೂರು ದಿನ ತಣ್ಣೀರು.
ತಜ್ಞೆ ಉಪ್ಪೆಂದು ತಂದದ್ದು ಟೇಸ್ಟಿಂಗ್ ಪೌಡರ್.

ಅರ್ಜಿಯ ಚೌಕದಲ್ಲಿ ಲೀಲಾವತಿ ಹಿಡಿಸಲಿಲ್ಲ.
ಯೂಲಾನ್ ಬಾಲ ಕತ್ತರಿಸಿದಳು: ಲೀ.
ಇಲ್ಲಿ ಅದು ಪ್ಲಮ್ ಮರ, ದೊಡ್ಡ ಮನೆತನ,
ಇನ್ನು ನಿಮಗೆ ಕೋಟಿಗಟ್ಟಲೆ ನೆಂಟರು, ಅಂದಳು.
ದನಿ ಮಾತ್ರ ಕೊಡದ ಹಾಗೆ
ಬಾವಿಗಿಳಿದು ಮೇಲೆ ಬರಬೇಕು.
ನನ್ನದು ಇಳಿಯುವುದೇ ಇಲ್ಲ, ಸೀದಾ ಅಟ್ಟ ಹತ್ತುತ್ತದೆ.
ಹತ್ತಿದರೆ ಅದು ಮರಸೇಬು.
ಹಾಗೆ ಐವತ್ತೆರಡು ಮಕ್ಕಳ ಮುಂದೆ ನಿಂತು
ನಾನು ಮರಸೇಬು ಟೀಚರ್ ಎಂದು ಸಾರಿದೆ,
ಬೆಂಚುಗಳೇ ನಕ್ಕವು.
ಹಳ್ಳಿಯನ್ನು ಹಲ್ಲಿ ಎಂದವರನ್ನು
ಜೀವಮಾನವಿಡೀ ನಕ್ಕ ಕಿವಿ ಇದು.
ಈಗ ಅದರ ಸರದಿ.

ಒಬ್ಬ ಎದ್ದ. ಗೌ ಝಿಹಾನ್,
ಕನ್ನಡಕದ ಕಡ್ಡಿಗೆ ಟೇಪು.
ಟೀಚರ್, ನೀವು ಅಸಲಿ ವಿದೇಶಿ ಟೀಚರಾ?
ಗೇಟಿನ ಬೋರ್ಡಿನಲ್ಲಿ ಹೋದ ವರ್ಷದ ಬ್ರೆಂಡನ್
ಇನ್ನೂ ಹಲ್ಲು ಬಿಡುತ್ತಿದ್ದ.
ಏನೆನ್ನಲಿ ಮಗೂ,
ಈ ಇಂಗ್ಲಿಷು ನಿಮ್ಮಜ್ಜಿಯದಲ್ಲ, ನನ್ನಜ್ಜಿಯದೂ ಅಲ್ಲ,
ಯಾರದೋ ಮನೆಯ ಬೀಗದ ಕೈ
ನನ್ನ ಸೊಂಟದಲ್ಲಿ ತುಸು ಹೆಚ್ಚು ವರ್ಷ ಇದೆ, ಅಷ್ಟೆ.
ಬಾಯಲ್ಲಿ ಬಂದದ್ದು:
ಕೂತ್ಕೋ. ಪ್ರಶ್ನೆಯಲ್ಲಿ ಒಂದು ಆರ್ಟಿಕಲ್ ಬಿಟ್ಟಿದ್ದೀ.

ಭಾನುವಾರ ಹಳದಿ ನದಿಯ ದಂಡೆ.
ಹೆಸರಿಗೆ ಹಳದಿ, ಬಣ್ಣ ಹಾಲು ಹೆಚ್ಚಾದ ಟೀ.
ಅಲ್ಲಿ ಮುದುಕರು ಮಾರುದ್ದದ ಕುಂಚ ಹಿಡಿದು
ಕಲ್ಲುಹಾಸಿನ ಮೇಲೆ ನೀರಿನಿಂದ ಬರೆಯುತ್ತಿದ್ದರು.
ಕೊನೆಯ ಸಾಲು ಮುಗಿಯುವಷ್ಟರಲ್ಲಿ ಮೊದಲ ಸಾಲು ಆರಿತ್ತು.
ಸುತ್ತ ನಿಂತವರು ಅಯ್ಯೋ ಅಂದರು.
ನನಗೆ ಆರಿದ್ದೂ ಆರದ್ದೂ ಒಂದೇ,
ನಾನೂ ಅಯ್ಯೋ ಅಂದೆ.

ರಾತ್ರಿ ಗೇಟಿನಲ್ಲಿ ತಾತ ಬಾಯ್,
ತೊಡೆಯ ಮೇಲೆ ರೇಡಿಯೋ.
ನನ್ನ ಕಂಡಾಗಲೆಲ್ಲ ಮೂರು ಸದ್ದು ಹೇಳಿ
ಹುಬ್ಬೇರಿಸಿ ಕಾಯುತ್ತಿದ್ದ.
ಕಾವಲಿನವನ ಪ್ರಶ್ನೆ ಇನ್ನೇನಿರುತ್ತದೆ?
ಮೊದಲ ರಾತ್ರಿ ಕಾರ್ಡು ತೋರಿಸಿದೆ.
ಎರಡನೆಯ ರಾತ್ರಿ ಕಾರ್ಡು, ಪಾಸ್‌ಪೋರ್ಟು.
ನಾಲ್ಕನೆಯ ರಾತ್ರಿ ಚೀಲ ಬಿಚ್ಚಿ
ಒಳಗಿದ್ದ ಒಂದೇ ಒಂದು ಬದನೆಕಾಯಿಯನ್ನೂ.
ಒಂದೊಂದನ್ನೂ ದೀಪಕ್ಕೆ ಹಿಡಿದು, ಗೌರವದಿಂದ ನೋಡಿ,
ಹಿಂದಿರುಗಿಸಿ,
ಮತ್ತೆ ಅದೇ ಮೂರು ಸದ್ದು.

ಎಂಟನೆಯ ರಾತ್ರಿ ಝಿಹಾನ್ ಸೈಕಲ್ಲಿಗೆ ಕಾಲು ಕೊಟ್ಟು ನಿಂತ,
ನಗು ನುಂಗಿ ಇಂಗ್ಲಿಷಿಗೆ ತಂದ.
ಅವನು ಹೇಳಿದ್ದು ಇಂಗ್ಲಿಷು,
ನನಗೆ ಕೇಳಿದ್ದು:
ಊಟ ಆಯ್ತಾ?

ಆ ಮಾತಿಗೆ
ನಾನು ಪಾಸ್‌ಪೋರ್ಟು ತೋರಿಸಿದ್ದೆ.

ಆಯ್ತು, ಅಂದೆ. ನಿಮ್ದು?
ಕನ್ನಡದಲ್ಲೇ ಬಂದುಬಿಟ್ಟಿತು.
ತಾತ ತಲೆಯಾಡಿಸಿ
ರೇಡಿಯೋದ ಕಿವಿ ತಿರುಪಿದ.

ಆಗಿರಲಿಲ್ಲ.
ಮೂರನೆಯ ಮಹಡಿಯ ಕಿಟಕಿಯಲ್ಲಿ
ಆ ಬದನೆಕಾಯಿ ಇನ್ನೂ ಹಾಗೇ ಇತ್ತು,
ಸುಕ್ಕುಗಟ್ಟುತ್ತ,
ಉಪ್ಪಿಗೆ ಕಾಯುತ್ತ.