ನಮ್ಮೂರವರು

ಸೆಂಜಿಯ ಮೂರು ಗುಡ್ಡಗಳಲ್ಲಿ ಒಂದೂ
ಗುಡ್ಡದ ಹಾಗಿಲ್ಲ. ಯಾರೋ ಗಾಡಿಗಟ್ಟಲೆ ಬಂಡೆ ತಂದು ಸುರುವಿ
ಒಟ್ಟುವ ಮೊದಲು ಗಂಜಿ ಕುಡಿದು ಬರೋಣವೆಂದು ಹೋದವರು
ಹಿಂದಿರುಗಿಲ್ಲ.

ಅದರ ಮೇಲೆ ಕೋಟೆ.
ಕೋಟೆಯ ಬುಡದ ಕಿಟಕಿಯಲ್ಲಿ ಟಿಕೆಟ್ಟು ಹರಿಯುವವನು ನಾನು.
ಮೂರು ಗಂಟೆಯ ಮೇಲೆ ರಾಜಗಿರಿ ಹತ್ತಲು ಯಾರನ್ನೂ ಬಿಡೆ.
ನಾಯಕರು, ಬಿಜಾಪುರದವರು, ಮರಾಠರು, ಮೊಗಲರು,
ಫ್ರೆಂಚರು, ಅವರ ಬೆನ್ನಿಗೇ ಇಂಗ್ಲಿಷರು
ಎಲ್ಲ ಬಿಟ್ಟಿ ಹತ್ತಿದವರೇ.
ಯಾರು ಯಾವಾಗ ಇಳಿದರೋ, ಲೆಕ್ಕ ನನ್ನಲ್ಲಿಲ್ಲ.

ಅರ್ಧ ದಾರಿಯ ಕಮಲಕ್ಕನ್ನಿ ಅಮ್ಮ ಮಾತ್ರ
ಅಲ್ಲೇ ಇದ್ದಾಳೆ, ಅರಿಶಿನ ಮೆತ್ತಿಕೊಂಡು.
ಅವಳ ಕಣ್ಣಿಗೆ ಈ ಗೋಡೆಯೆಲ್ಲ
ನಿನ್ನೆ ಮೊನ್ನೆ ಹಾಕಿದ ಬೇಲಿ.

ಪಚ್ಚೈಯಮ್ಮಾಳ್ ದಿನಗೂಲಿ.
ಅವಳ ಪಾಲಿಗೆ ಬಂದದ್ದು ಕೆಳಗಿನ ವೆಂಕಟರಮಣನ ಗುಡಿ.
ಗೋಪುರವಿದೆ. ಗೋಪುರದ ಒಳಗೋಡೆಯಲ್ಲಿ
ಇವತ್ತಿಗೂ ಹಾವು ಹಿಡಿದು ಕಡಲು ಕಡೆಯುತ್ತಿದ್ದಾರೆ,
ಬಾವಲಿಯ ಹಿಕ್ಕೆ ಸುರಾಸುರರೆಂಬ ಭೇದವಿಲ್ಲದೆ
ಎರಡೂ ಕಡೆ ಬೀಳುತ್ತದೆ.
ಆಚೆ ಮಂಟಪ: ಸಾಲು ಕಂಬ, ನಡುವೆ
ಹಲ್ಲು ಬಿದ್ದ ಬಾಯಿಯ ಹಾಗೆ ಬಯಲು.
ಫ್ರೆಂಚರು ಬಂಡಿ ಕಟ್ಟಿ ಕಡಲೂರಿಗೆ ಒಯ್ದರು.

ಅವಳು ಗುಡಿಸುವುದನ್ನು ನೋಡಬೇಕು ನೀವು.
ಬರಿ ನೆಲ, ಆದರೂ ಪೊರಕೆ ನೆಟ್ಟಗೆ ಹೋಗದು.
ಇಲ್ಲದ ಕಂಬವನ್ನು ಬಳಸಿ, ಇನ್ನೊಂದನ್ನು ಬಳಸಿ,
ಸೆರಗು ತಾಗೀತೆಂದು ಒತ್ತಿಕೊಂಡು ದಾಟುತ್ತಾಳೆ.
ಯಾಕಮ್ಮ ಎಂದರೆ,
"ನಿಂತಿದ್ದ ಜಾಗ ಸಾರ್. ತುಳಿಯೋದು ಹೇಗೆ?"

ಆಡಿ ತಿಂಗಳಲ್ಲಿ ಅವಳ ಬಲಗಣ್ಣಿಗೆ ಪೊರೆ.
ತಮ್ಮ ಏಳುಮಲೈ ಬಸ್ಸು ಹತ್ತಿಸಿ ಪುದುಚೇರಿಗೆ ಕರೆದೊಯ್ದ.
ಮರುದಿನ ಪಟ್ಟಿ ಬಿಚ್ಚಿದರು.
ಇಷ್ಟು ದೂರ ಬಂದಿದ್ದೀವಿ, ಕಡಲು ನೋಡಿಕೊಂಡು ಹೋಗೋಣ ಅಕ್ಕ
ಅಂದನಂತೆ ತಮ್ಮ.

ಅವಳು ಕಡಲು ನೋಡಲಿಲ್ಲ.
ಕೋಲೂರಿ ನಡೆಯುವ ಮುದುಕನ ಪ್ರತಿಮೆಯ ಸುತ್ತ
ಎಂಟು ಕಂಬ, ಹೊರಲು ಚಾವಣಿಯಿಲ್ಲದೆ
ಸುಮ್ಮನೆ ಆಕಾಶಕ್ಕೆ ನಿಂತಿದ್ದವು.
(ಮುಂಚೆ ಅವುಗಳ ನಡುವೆ ನಿಂತದ್ದು ಒಬ್ಬ ಫ್ರೆಂಚ್ ದೊರೆಯಂತೆ.
ಕಂಬಗಳಿಗೇನು, ನಡುವೆ ಯಾರಾದರೂ ಇದ್ದರಾಯಿತು.)
ಹೊಸಗಣ್ಣಿಗೆ ಮೊದಲು ಕಂಡದ್ದು ಕುದುರೆಯ ಗೊರಸು,
ಆಮೇಲೆ ಬಳ್ಳಿ, ಆಮೇಲೆ ಉಳಿಯ ಕೈ.
ಅಂಗೈ ಇಟ್ಟಳು. ನೆಕ್ಕಿ ನೋಡಿದಳು. ಉಪ್ಪು.

ಬಲೂನು ಮಾರುವವರ ನಡುವೆ, ಐಸ್‌ಕ್ರೀಮ್ ಗಾಡಿಗಳ ನಡುವೆ
ಒಂದೊಂದಕ್ಕೂ ಊರಿನ ಸುದ್ದಿ ಹೇಳಿದಳಂತೆ:
ಚೆಟ್ಟಿಕುಳ ಈ ಸಲ ತುಂಬಿದೆ,
ಕಡಲೆಕಾಯಿಗೆ ಬೆಲೆಯಿಲ್ಲ,
ಮೇಲಿನ ರಂಗನಾಥನಿಗೆ ದೀಪ ಹಚ್ಚಲು
ಹತ್ತುವವರ ಮಂಡಿ ಸೋಲುತ್ತಿದೆ,
ನಿಮ್ಮ ಜಾಗ ಗುಡಿಸಿಯೇ ಇಟ್ಟಿದ್ದೇನೆ.

ಕೆಂಪು ಟೊಪ್ಪಿಗೆಯ ಪೊಲೀಸಿನವ ಬಂದು
ಯಾರಮ್ಮ, ಯಾರ ಹತ್ತಿರ ಮಾತು? ಎಂದ.
"ನಮ್ಮೂರವರು."

ಕಪ್ಪು ಕನ್ನಡಕ ಹಾಕಿಕೊಂಡು ನಿನ್ನೆ ಕೆಲಸಕ್ಕೆ ಬಂದಳು.
ಎಂಟೇ ಸಿಕ್ಕವು ಸಾರ್, ಮಿಕ್ಕವು ಯಾರ ಅಂಗಳದಲ್ಲಿವೆಯೋ ಅಂದಳು.
ಆಮೇಲೆ ಕಿಟಕಿಗೆ ಬಗ್ಗಿ, ಮೆಲ್ಲಗೆ:
"ಒಂದು ವೇಳೆ ತಿರುಗಿ ಬಂದರೆ
ಅವಕ್ಕೂ ಟಿಕೆಟ್ಟು ಕೇಳ್ತೀರಾ?"

ಮೂರು ಗಂಟೆ ದಾಟಿತ್ತು. ಕಿಟಕಿ ಮುಚ್ಚಬೇಕಾದವನು
ಮುಚ್ಚದೆ ಕೂತೆ. ಕೋತಿಯೊಂದು ಇಳಿದು ಬಂದು
ಟಿಕೆಟ್ಟಿನ ಕಟ್ಟಿನ ಅಂಚು ಕಚ್ಚಿ ನೋಡಿ
ರುಚಿಯಿಲ್ಲವೆಂದು ಅಲ್ಲೇ ಬಿಟ್ಟು
ಬಿಟ್ಟಿ ಹತ್ತಿ ಹೋಯಿತು.