ಮೂರು ಸೂಜಿ

ಕೊತ್ತತ್ತಿ ನಾಲೆಯ ಕೆಳಗಿನ ತಗ್ಗಿನಲ್ಲಿ
ಜವರಮ್ಮನ ಕೂಳೆ ಕಬ್ಬಿನ ಸಾಲಲ್ಲಿ
ಗೇಣಾಳ ಅಗೆದು, ಗೋಡೆಯಂತೆ ನಿಂತ ಮಣ್ಣಿಗೆ
ಮೂರು ಸೂಜಿ ಚುಚ್ಚಿ ಮುಚ್ಚಿದ್ದೇನೆ,
ಒಂದರ ಕೆಳಗೊಂದು, ನಡುವೆ ಆರಾರು ಮಿಲಿಮೀಟರು.

ನಡುವಿನದು ಎಂಟು ಸೆಕೆಂಡು ಕಾಯುತ್ತದೆ.
ಮೇಲಿನದು, ಕೆಳಗಿನದು ಸುಮ್ಮನೆ ಕಾಯುತ್ತವೆ.
(ಎರಡಕ್ಕೂ ಒಂದೇ ಮಾತು ಇಟ್ಟವರು ಯಾರೋ,
ನನ್ನ ಪ್ರಬಂಧದ ಅರ್ಧ ಅವರೇ ಬರೆದಿದ್ದಾರೆ.)

ನೀರು ಇಳಿಯುತ್ತಿದ್ದರೆ ಬಿಸಿಯನ್ನು ಸೆರಗಿಗೆ ಕಟ್ಟಿಕೊಂಡು
ಕೆಳಗಿನ ಸೂಜಿಯ ಮನೆಗೆ ಹೋಗುತ್ತದೆ.
ನಿಂತಿದ್ದರೆ ಎರಡೂ ಕಡೆಗೆ ಸಮಪಾಲು.
ಇಷ್ಟೇ ಲೆಕ್ಕ. ಉಳಿದದ್ದು ಲಾಗರ್, ಬ್ಯಾಟರಿ,
ವೈರು ಕಡಿಯುವ ಇಲಿ.

"ನೆಲುಕ್ಕೆ ಜರ ಬಂದದೇನವ್ವ?" ಅಂದಿದ್ದಳು ಜವರಮ್ಮ
ಮೊದಲ ದಿನ, ತಲೆಯ ಮೇಲಿನ ಗರಿಹೊರೆ ಇಳಿಸದೆಯೇ.

ಮೂರು ವಾರದ ಅಂಕಿ ಇಳಿಸಿಕೊಂಡೆ.
ರಾತ್ರಿಯೆಲ್ಲ ಸಮಪಾಲು.
ನಡುಹಗಲು ಮಾತ್ರ ಮೇಲಿನ ಸೂಜಿಗೆ
ಒಂದು ಕೂದಲೆಳೆ ಹೆಚ್ಚು.
ಅಂದರೆ ನೀರು ಮೇಲೇರುತ್ತಿದೆ.

ಅಥವಾ ನಾನೇ ತಲೆಕೆಳಗಾಗಿ ಚುಚ್ಚಿದ್ದೇನೆ.
'ಮೇಲೆ' ಅಂತ ಬರೆದ ಚೀಟಿ ಕೆಸರಲ್ಲಿ ಅಳಿಸಿತ್ತು;
ಆವತ್ತು ಮಬ್ಬು, ಆಲೆಮನೆಯ ಹೊಗೆ, ಬಸ್ಸಿನ ಅವಸರ.
ಇಷ್ಟು ಸಣ್ಣ ಚಲನೆ ಈ ಸೂಜಿಗೆ ಕಾಣದು
ಅನ್ನುತ್ತದೆ ಕೈಪಿಡಿಯ ನಲವತ್ತನೇ ಪುಟ.
ಕಿತ್ತು ನೋಡೋಣವೆಂದರೆ ಮಣ್ಣಿನ ಹಿಡಿತ ಹೋಗುತ್ತದೆ,
ಅನುಮಾನ ತೀರಿಸಿಕೊಳ್ಳಲು ಸಾಕ್ಷಿಯನ್ನೇ ಕೊಂದ ಹಾಗೆ.

ಒಂದು ಬಿಂದಿಗೆ ನೀರು ಕೇಳಿದೆ.
ತಂದಳು. ಹಿತ್ತಾಳೆಯದಲ್ಲ, ನೀಲಿ ಪ್ಲಾಸ್ಟಿಕ್ಕು,
ಕುತ್ತಿಗೆಯಲ್ಲಿ ಸುಟ್ಟು ಬೆಸೆದ ಗಾಯ.
ಹುಯ್ದೆ. ಮಣ್ಣು ಗುಳುಗುಳು ಗಾಳಿ ಕಕ್ಕಿತು.
ಲಾಗರಿನ ಹಸಿರು ಅಂಕಿಯ ಮುಂದೆ
ಕುಕ್ಕರಗಾಲಲ್ಲಿ ಕೂತೆವು ಇಬ್ಬರೂ,
ಹಾಲುಕ್ಕುವುದನ್ನು ನೋಡುವವರ ಹಾಗೆ.
ಸೂಜಿ ಕಾದಿತು. ನಾವೂ ಕಾದೆವು.

ಕೆಳಗಿನದು ಬೆಚ್ಚಗಾಯಿತು.

ಸರಿ, ತಪ್ಪಿದ್ದು ನಾನಲ್ಲ. ಖುಷಿ ಬಾಯಿತನಕ ಬಂದು
ಅಲ್ಲೇ ನಿಂತಿತು. ನಾನು ತಪ್ಪಿಲ್ಲವೆಂದರೆ
ಮೂರು ವಾರ ಈ ನೆಲ, ನಡುಹಗಲೆಲ್ಲ,
ಆಳದ ಉಪ್ಪನ್ನು ಹೊತ್ತು ಹತ್ತಿದ್ದು ನಿಜ.
ದಿಂಡಿನ ಮೇಲಿನ ಬಿಳಿ ಹುಡಿಯನ್ನು
ಇಷ್ಟು ದಿನ ಯಾರೋ ಚೆಲ್ಲಿದ ಸುಣ್ಣ ಅಂದುಕೊಂಡಿದ್ದೆ.

ಜವರಮ್ಮ ಬೆರಳಿಗೆ ಒತ್ತಿ ನಾಲಿಗೆಗೆ ಇಟ್ಟುಕೊಂಡಳು.
ಉಗುಳಲಿಲ್ಲ. "ಇದ್ಯಾಕ್ ಮೇಲುಕ್ಕೆ ಬತ್ತದೆ?"
ನಾಲೆ ತುಂಬಿ ಅಡಿನೀರು ಏರಿದ್ದು,
ಬಸಿಗಾಲುವೆಗೆ ಹೂಳು ತುಂಬಿದ್ದು... ಹೇಳಿದೆ, ಅರ್ಧ.
"ಹಂಗಾರೆ ಕಾಲ್ವೆ ತೆಗುಸ್ಬೇಕು," ಅಂದಳು,
"ಮಾಯಿಗಯ್ಯ ಬದ ಬುಡಬೇಕಲ್ಲ."

ಬಿಂದಿಗೆ ಎತ್ತಿಕೊಂಡು ಹೋದಳು, ಹಸು ಕೂಗುತ್ತಿತ್ತು.
ನಾನು ಪುಸ್ತಕ ತೆರೆದು ಗಂಟೆ ಬರೆದೆ, ನಿಮಿಷ ಬರೆದೆ.
ಎಷ್ಟು ಲೀಟರಿನದೆಂದು ಕೇಳಲು ಮರೆತಿದ್ದೆ.
ನೀರಿನ ಅಳತೆ ಎಂಬ ಅಂಕಣದಲ್ಲಿ
ಇವತ್ತಿಗೂ ಹಾಗೇ ಇದೆ:
ಒಂದು ಬಿಂದಿಗೆ, ನೀಲಿ.