ಕಣ್ಣು ಕೊನೆಗೆ

ಮಾಸಾಶನದ ಅರ್ಜಿ, ಏಳನೆಯ ಕಲಮು:
ಕಲಾಸೇವೆಯ ವಿವರ, ಇಸವಿ ಸಹಿತ.
ಇಸವಿ ಎಲ್ಲಿಂದ ತರಲಿ, ಯಮನೂರಪ್ಪ ಮಾವ?
ನಿನ್ನ ಲೆಕ್ಕವೆಲ್ಲ ಅಮ್ಮಂದಿರ ಲೆಕ್ಕ:
ಹೊಳೆಯಾಚೆಯ ದ್ಯಾಮವ್ವಗೆ ಬಣ್ಣವಾದ ವರ್ಷ,
ಅದರ ಹಿಂದಿನದು, ಅದರ ಮುಂದಿನದು.

ಕಿನ್ನಾಳದ ಓಣಿ. ಏಳರ ಹುಡುಗ
ಹುಣಸೆಬೀಜ ನೆನೆಹಾಕಿ, ಅರೆದು, ಅಂಟು ಕಾಯಿಸಿ
ಪೊಳಕಿ ಕಟ್ಟಿಗೆಯ ಬಿರುಕಿಗೆ ಮೆತ್ತುತ್ತಾನೆ.
ತವರದ ಹಾಳೆ ತಿಕ್ಕಿ ತಿಕ್ಕಿ
ಬಂಗಾರ ಮಾಡುವುದು ಅಜ್ಜ ಕಲಿಸಿದ್ದು.
"ಕಣ್ಣು ಕೊನೀಗೆ" ಅನ್ನುವುದೂ.
ಪರದೆ ಕಟ್ಟು, ಉಪಾಸ ಇರು, ಕನ್ನಡಿ ಹಿಡಿ.
ಮೊದಲ ನೋಟ ಆಕಿ ತನ್ನನ್ನ ತಾನ ನೋಡಿಕೊಳ್ಳಲಿ,
ನಿನ್ನನ್ನಲ್ಲ. ನೀ ತಡಕೊಳ್ಳಾಂವಲ್ಲ.

ಆಮೇಲೆ ಹೊಟ್ಟೆ.
ಗಂಗಾವತಿಯ ಟಾಕೀಸಿನ ಹಿಂದೆ ಬಿದಿರಟ್ಟ ಹತ್ತಿ
ಇಪ್ಪತ್ತಡಿ ನಾಯಕಿಯ ಗಲ್ಲ ಬಳಿದೆ.
ಗುರುವಾರ ರಾತ್ರಿ. ಬೆಳಗಾದರೆ ಹೊಸ ಸಿನಿಮಾ,
ನಾಯಕಿಗೆ ಕಣ್ಣೇ ಇಲ್ಲ. ಮ್ಯಾನೇಜರ್ ಒದರಿದ.
ನೀನು ಗೋಣಿತಟ್ಟು ಅಡ್ಡ ಕಟ್ಟಿ, ಮುಖ ತೊಳೆದು,
ನಸುಕಿಗೆ ಎರಡು ಗುಡ್ಡೆ ಬರೆದು ಇಳಿದೆ.
ಕಾಯಿಪಲ್ಲೆಯ ಮುದುಕಿ ಬುಟ್ಟಿ ಇಳಿಸಿ
ಪೋಸ್ಟರಿಗೆ ಕೈಮುಗಿದಳಂತೆ.
ಕೂಲಿಯಲ್ಲಿ ಐದು ರೂಪಾಯಿ ಕಡಿತ.

ಅಕ್ಕಿ ಲಾರಿಗಳ ಬೆನ್ನಿಗೆ ಹಸು-ಕರು,
ಹಲ್ಲುಪುಡಿಯ ಗೋಡೆ, ಶಾಲೆಯ ನಕಾಶೆ.
ಫ್ಲೆಕ್ಸ್ ಬಂತು, ತಾಸಿಗೊಂದು ಮುಖ ಉಗುಳುವ ಯಂತ್ರ.
ನಿನಗೆ ಉಳಿದದ್ದು ಕೊಪ್ಪಳದ ಒಂದು ಹಿಂಗೋಡೆ:
ಯಾರೂ ಉಚ್ಚೆ ಹೊಯ್ಯದಂತೆ ಸಾಲಾಗಿ ದೇವರು,
ಒಂದು ಮಸೀದಿ, ಒಂದು ಶಿಲುಬೆ.
ದೇವರೊಂದಕ್ಕೆ ನಲವತ್ತು ರೂಪಾಯಿ.
ಯಾವ ಅಮ್ಮನಿಗೂ ಹಾಕದ ರುಜು
ಅಲ್ಲಿ ಹಾಕಿದೆ, ಮೊಣಕಾಲೆತ್ತರಕ್ಕೆ.
ಯಾಕೆ ಅಂದರೆ,
"ಬಿದ್ದರ ಮೊದ್ಲ ನನ್ ಮ್ಯಾಲೆ ಬೀಳ್ಲಿ."

ಕಲಮು ಎರಡೇ ಗೆರೆಯದು, ಮಾವ.

ಹೋದ ತಿಂಗಳು ನಿನ್ನ ಪೊರೆ ತೆಗೆಸಿದೆವು.
ಡಾಕ್ಟರಮ್ಮ ಪಟ್ಟಿ ಬಿಚ್ಚುವಷ್ಟರಲ್ಲಿ
ನೀನು ಕೈ ಅಡ್ಡ ಹಿಡಿದೆ: "ತಡೀರಿ. ಕನ್ನಡಿ."
ಆಕೆ ನಕ್ಕಳು. ನಾನು ಪರ್ಸು ತಡಕಿದೆ:
ಮೂಲೆ ಒಡೆದ, ಪೌಡರು ಮೆತ್ತಿದ
ಅಂಗೈಯಗಲದ ಕನ್ನಡಿ.
ಬಹಳ ಹೊತ್ತು ನೋಡಿಕೊಂಡೆ ನೀನು.
ಆಮೇಲೆ, ಬರಿಬೆರಳಿಂದ ಗಾಳಿಯಲ್ಲೇ ತಿದ್ದುತ್ತ,
"ಎಡಗಣ್ಣು ಒಂದ್ ಎಳ್ಳಿನಷ್ಟು ಮ್ಯಾಲಾಗೇತಿ."